ಓಡಿ ಖಾತೆಯ ಮೂಲಕ ಕುಸಿದ ಸಿಬಿಲ್ ಅಂಕವನ್ನು ಸರಿಪಡಿಸಿಕೊಳ್ಳುವ ಬಗೆ

ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಬ್ಬರ ಜಮಾ-ಖರ್ಚಿನ ಲೆಕ್ಕವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಡುತ್ತಿದ್ದೇನೆ. ಮನೆಪತ್ರ ಅಡವಿಟ್ಟು ಅವರು ಹತ್ತು ಲಕ್ಷ ರೂಪಾಯಿ ಮಿತಿಯ ಓವರ್‌ಡ್ರಾಫ್ಟ್, ಅಂದರೆ ಎಲ್ಲರೂ ಓಡಿ ಎಂದು ಕರೆಯುವ ಸಾಲ, ಪಡೆದಿದ್ದರು. ಧಾರಣೆ ಏರಬಹುದೆಂಬ ಆಸೆಯಿಂದ ಒಂದು ಸಲ ಆ ಖಾತೆಯಿಂದ ಆರು ಲಕ್ಷ ತೆಗೆದು, ಮಾಲು ಖರೀದಿಸಿ, ಗೋದಾಮಿನಲ್ಲಿಟ್ಟು ಸುಮ್ಮನಾದರು. ಮಿತಿಯೊಳಗೆ ಇನ್ನೂ ನಾಲ್ಕು ಲಕ್ಷ ಉಳಿದಿರುವಾಗ ಸಾಲ ಸುಸ್ತಿಯಾಗುವುದಾದರೂ ಹೇಗೆ ಎಂಬುದು ಅವರ ಧೈರ್ಯವಾಗಿತ್ತು. ನಾಲ್ಕು ತಿಂಗಳ ಬಳಿಕ ಮಗಳ ಶಿಕ್ಷಣ ಸಾಲಕ್ಕೆಂದು ಇನ್ನೊಂದು ಬ್ಯಾಂಕಿಗೆ ಹೋದಾಗ, ‘ನಿಮ್ಮ ಸಿಬಿಲ್ ಬಿದ್ದುಹೋಗಿದೆ ಯಜಮಾನ್ರೇ, ಓಡಿ ಖಾತೆ ಎನ್‌ಪಿಎ ಆಗಿದೆ’ ಎಂಬ ಉತ್ತರ ಸಿಕ್ಕಿತು. ಸಿಬಿಲ್ ಎಂದರೆ ಸಾಲ ತೀರಿಸುವ ನಮ್ಮ ನಡತೆಗೆ ಬೀಳುವ ಅಂಕ, ಎನ್‌ಪಿಎ ಎಂದರೆ ವಸೂಲಾಗದ ಸಾಲ. ಅವರು ಮಿತಿ ಮೀರಿರಲಿಲ್ಲ ಎಂಬುದು ನಿಜ. ಆದರೆ ಆ ನಾಲ್ಕು ತಿಂಗಳಲ್ಲಿ ಖಾತೆಗೆ ಒಂದು ರೂಪಾಯಿಯನ್ನೂ ಜಮಾ ಮಾಡಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕಂತಿನ ಸಾಲದಲ್ಲಿ ಯಾವ ತಾರೀಖಿಗೆ ಎಷ್ಟು ಕಟ್ಟಬೇಕೆಂದು ಬ್ಯಾಂಕೇ ಹೇಳುತ್ತದೆ, ತಪ್ಪಿದರೆ ಮರುದಿನವೇ ಫೋನು ಬರುತ್ತದೆ. ಓಡಿಯಲ್ಲಿ ಹಾಗೆ ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಕಂತಿಲ್ಲ, ಗಡುವಿಲ್ಲ, ಬೇಕಾದಾಗ ತೆಗೆದು ಬೇಕಾದಾಗ ಕಟ್ಟಬಹುದು ಎಂಬ ಸಡಿಲಿಕೆಯೇ ಅದರ ಆಕರ್ಷಣೆ. ಅಂಕ ಒಮ್ಮೆ ಕುಸಿದು, ಅದನ್ನು ಮತ್ತೆ ಮೇಲೆತ್ತಲು ಹೊರಟಿರುವವರಿಗೆ ಇದೇ ಸಡಿಲಿಕೆ ಉಪಕಾರವನ್ನೂ ಮಾಡಬಲ್ಲದು, ಇದ್ದಷ್ಟನ್ನೂ ಕೆಡಿಸಲೂಬಲ್ಲದು. ನಾನು ಕಂಡ ಮಟ್ಟಿಗೆ, ಈ ಎರಡರಲ್ಲಿ ಯಾವುದಾಗುತ್ತದೆ ಎಂಬುದು ಎಷ್ಟು ಸಾಲ ತೆಗೆದಿರಿ ಎಂಬುದಕ್ಕಿಂತ ಹೆಚ್ಚಾಗಿ ಖಾತೆ ತಿರುಗುತ್ತಿದೆಯೋ ಇಲ್ಲವೋ, ಅಂದರೆ ತೆಗೆದ ಹಣ ಮತ್ತೆ ಜಮೆಯಾಗುತ್ತಿದೆಯೋ ಇಲ್ಲವೋ, ಎಂಬುದನ್ನು ಅವಲಂಬಿಸಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಉಳಿತಾಯ ಖಾತೆಯಲ್ಲಿ ಎಷ್ಟೇ ಹಣವಿಟ್ಟರೂ ಸಿಬಿಲ್ ಏರುವುದಿಲ್ಲ, ಏಕೆಂದರೆ ಠೇವಣಿಯ ವಿವರ ಆ ವರದಿಗೆ ಹೋಗುವುದೇ ಇಲ್ಲ. ಅಲ್ಲಿ ಇರುವುದು ಸಾಲಗಳ ಚರಿತ್ರೆ ಮಾತ್ರ. ಕನಿಷ್ಠ ಮೊತ್ತ ಇಡದ ಕಾರಣಕ್ಕೆ ಶುಲ್ಕ ಹಾಕಿ ಉಳಿತಾಯ ಖಾತೆಯನ್ನು ಮೈನಸ್‌ಗೆ ಇಳಿಸಬಾರದೆಂಬ ರಿಸರ್ವ್ ಬ್ಯಾಂಕಿನ ಸೂಚನೆ 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಹಾಗಾಗಿ ಅಂಥ ಮೈನಸ್ ಬಾಕಿಯನ್ನು ಓಡಿ ಎಂದು ಭಾವಿಸಿ ಹೆದರಬೇಕಾಗಿಲ್ಲ. ಬ್ಯಾಂಕು ಮಿತಿಯೊಂದನ್ನು ಮಂಜೂರು ಮಾಡಿ, ನೀವು ಸಹಿ ಹಾಕಿ ಪಡೆದ ಓಡಿ ಮಾತ್ರ ಸಾಲ. ಅದು ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಸಾಲಗಳ ಚರಿತ್ರೆಯನ್ನು ಕೂಡಿಡುವ ನಾಲ್ಕು ಕಂಪನಿಗಳ ದಾಖಲೆಗೂ ಹೋಗುತ್ತದೆ. ಸಿಬಿಲ್ ಎಂಬುದು ಈ ನಾಲ್ಕರಲ್ಲಿ ಒಂದರ ಹೆಸರಾದರೂ ನಮ್ಮ ಬಾಯಲ್ಲಿ ಎಲ್ಲದಕ್ಕೂ ಅದೇ ಹೆಸರಾಗಿದೆ. ಈ ಬರಹದಲ್ಲೂ ಹಾಗೆಯೇ ಬಳಸುತ್ತೇನೆ.

ಅಂಕ 300ರಿಂದ 900ರ ನಡುವೆ ಇರುತ್ತದೆ, 750 ದಾಟಿದರೆ ಸಾಲ ಕೊಡುವವರು ಸಾಮಾನ್ಯವಾಗಿ ಸಮಾಧಾನಪಡುತ್ತಾರೆ. ಅಂಕ ಕಟ್ಟುವ ಸೂತ್ರವನ್ನು ಕಂಪನಿಗಳು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಆದರೆ ಸೂತ್ರಕ್ಕೆ ಏನು ಉಣಿಸಲಾಗುತ್ತದೆ ಎಂಬುದು ವರದಿಯಲ್ಲೇ ಕಾಣುತ್ತದೆ. ಓಡಿ ಖಾತೆಯ ಎದುರು ಮಂಜೂರಾದ ಮಿತಿ, ಈಗಿನ ಬಾಕಿ, ಸುಸ್ತಿ ಮೊತ್ತ, ಮತ್ತು ಅವುಗಳ ಕೆಳಗೆ ಮೂವತ್ತಾರು ತಿಂಗಳ ಚೌಕಗಳು ಇರುತ್ತವೆ. ಪ್ರತಿ ಚೌಕದಲ್ಲಿ ಆ ತಿಂಗಳು ಎಷ್ಟು ದಿನ ಸುಸ್ತಿಯಾಗಿತ್ತು ಎಂಬ ಸಂಖ್ಯೆಯೋ, ಸಾಲದ ದರ್ಜೆಯನ್ನು ಹೇಳುವ ಮೂರಕ್ಷರದ ಸಂಕೇತವೋ ಇರುತ್ತದೆ. ಸೊನ್ನೆಗಳ ಸಾಲು ಬೆಳೆಯುತ್ತಾ ಹೋಗಬೇಕು; ಅಂಕ ಸರಿಪಡಿಸಿಕೊಳ್ಳುವುದೆಂದರೆ ಹೆಚ್ಚಿನ ಪಾಲು ಇಷ್ಟೇ.

ತೊಂಬತ್ತು ದಿನಗಳ ಲೆಕ್ಕ

ಓಡಿ ಖಾತೆ ಹದ ತಪ್ಪುವುದು ಮೂರು ದಾರಿಗಳಲ್ಲಿ. ಬಾಕಿ ಮಿತಿಯನ್ನು ಮೀರಿ ಸತತ ತೊಂಬತ್ತು ದಿನ ಹಾಗೆಯೇ ಉಳಿಯುವುದು ಒಂದು. ಇದು ಎಲ್ಲರಿಗೂ ಗೊತ್ತಿರುವ ದಾರಿ. ಬಾಕಿ ಮಿತಿಯೊಳಗೇ ಇದ್ದರೂ ತೊಂಬತ್ತು ದಿನ ಖಾತೆಗೆ ಯಾವ ಜಮೆಯೂ ಬಾರದಿರುವುದು ಎರಡನೆಯದು. ಜಮೆ ಬಂದಿದ್ದರೂ ಹಿಂದಿನ ತೊಂಬತ್ತು ದಿನಗಳಲ್ಲಿ ಬ್ಯಾಂಕು ಖರ್ಚು ಹಾಕಿದ ಬಡ್ಡಿಯನ್ನು ತುಂಬಲು ಅದು ಸಾಲದಿರುವುದು ಮೂರನೆಯದು. ಈ ಮೂರರಲ್ಲಿ ಯಾವುದಾದರೂ ಒಂದು ಸಂಭವಿಸಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಆ ಖಾತೆ ಎನ್‌ಪಿಎ ಎನಿಸಿಕೊಳ್ಳುತ್ತದೆ. ಕೊಬ್ಬರಿ ವ್ಯಾಪಾರಿ ಬಿದ್ದದ್ದು ಎರಡನೆಯ ಹಳ್ಳಕ್ಕೆ. ಆರು ಲಕ್ಷಕ್ಕೆ ಶೇ 11ರಂತೆ ತಿಂಗಳಿಗೆ ಸುಮಾರು 5,500 ರೂಪಾಯಿ, ನಾಲ್ಕು ತಿಂಗಳಿಗೆ ಇಪ್ಪತ್ತೆರಡು ಸಾವಿರ ಚಿಲ್ಲರೆ ಬಡ್ಡಿಯಾಗಿತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ದರವನ್ನೇ ಹಿಡಿದರೂ ಗೋದಾಮಿನಿಂದ ಎರಡೇ ಕ್ವಿಂಟಲ್ ಆಗಾಗ ಮಾರಿ ಹಣವನ್ನು ಖಾತೆಗೆ ಹಾಕಿದ್ದರೆ ಅವರ ಹೆಸರು ಉಳಿಯುತ್ತಿತ್ತು.

ತೊಂಬತ್ತನೆಯ ದಿನದವರೆಗೆ ಏನೂ ಆಗುವುದಿಲ್ಲವೆಂದು ಭಾವಿಸಬಾರದು. ಮಿತಿ ಮೀರಿದ ಖಾತೆ ಮೂವತ್ತು ದಿನ ಹಾಗೆಯೇ ಉಳಿದರೆ ಅದನ್ನು ಬ್ಯಾಂಕು ನಿಗಾ ಪಟ್ಟಿಗೆ ಸೇರಿಸುತ್ತದೆ, ಅರವತ್ತು ದಿನ ದಾಟಿದರೆ ಅದರ ಮುಂದಿನ ಹಂತಕ್ಕೆ ಏರಿಸುತ್ತದೆ. ಒಮ್ಮೆ ಎನ್‌ಪಿಎ ಆದ ಮೇಲೆ ಒಂದಿಷ್ಟು ಬಡ್ಡಿ ಕಟ್ಟಿ ಹೊರಬರಲು ಸಾಧ್ಯವಿಲ್ಲ, ಅಸಲು-ಬಡ್ಡಿಗಳ ಸುಸ್ತಿಯನ್ನೆಲ್ಲ ಪೂರ್ತಿ ತೀರಿಸಬೇಕೆಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಸ್ಪಷ್ಟಪಡಿಸಿದೆ. ಇನ್ನೊಂದು ಮಾತು: ಓಡಿ ಮಿತಿಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಗಡುವು ಕಳೆದು 180 ದಿನಗಳೊಳಗೆ ನವೀಕರಣವಾಗದಿದ್ದರೆ, ಹಣಕಾಸಿನ ವ್ಯವಹಾರ ಎಷ್ಟೇ ಚೊಕ್ಕವಾಗಿದ್ದರೂ ಖಾತೆ ಎನ್‌ಪಿಎ ಆಗುತ್ತದೆ. ಬ್ಯಾಂಕಿನಿಂದ ಬಂದ ಕಾಗದವನ್ನು ದೇವರ ಮನೆಯ ಕಪಾಟಿನಲ್ಲಿಟ್ಟು ಮರೆಯುವವರು ಇದನ್ನು ಗಮನಿಸಬೇಕು.

ಮಿತಿ ಮೀರುವುದು ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂಬುದನ್ನು ನಾನು ನನ್ನದೇ ಖಾತೆಯಲ್ಲಿ ಕಂಡಿದ್ದೇನೆ. ನನಗಿದ್ದ ಮಿತಿ 50,000 ರೂಪಾಯಿ. ತುರ್ತಿನ ಖರ್ಚಿಗೆಂದು 49,800 ತೆಗೆದಿದ್ದೆ, ಇನ್ನೂ ಇನ್ನೂರು ರೂಪಾಯಿ ಮಿಕ್ಕಿದೆಯಲ್ಲ ಎಂದುಕೊಂಡಿದ್ದೆ. ಬಡ್ಡಿ ಶೇ 13. ಮೂವತ್ತೊಂದು ದಿನದ ತಿಂಗಳು ಮುಗಿದ ರಾತ್ರಿ ಬ್ಯಾಂಕಿನ ಕಂಪ್ಯೂಟರು ತಾನಾಗಿಯೇ 550 ರೂಪಾಯಿ ಬಡ್ಡಿಯನ್ನು ಖರ್ಚು ಹಾಕಿತು. ಪಾಸ್‌ಬುಕ್ ಮುದ್ರಿಸಿಕೊಂಡಾಗ ಕೊನೆಯ ಸಾಲಿನಲ್ಲಿ 50,350 ಎಂದಿತ್ತು. ನಾನು ಒಂದು ಪೈಸೆಯನ್ನೂ ಹೊಸದಾಗಿ ತೆಗೆಯದೆ, ಬಡ್ಡಿಯೊಂದೇ ನನ್ನನ್ನು ಮಿತಿಯಿಂದ ಆಚೆ ದೂಡಿತ್ತು. ಮುನ್ನೂರೈವತ್ತು ರೂಪಾಯಿ ಜುಜುಬಿ ಮೊತ್ತ, ಆದರೆ ಸುಸ್ತಿಯ ದಿನಗಳನ್ನು ಎಣಿಸುವ ಯಂತ್ರಕ್ಕೆ ಮೊತ್ತದ ಹಂಗಿಲ್ಲ. ಅಂದಿನಿಂದ ಮಿತಿಯಲ್ಲಿ ಕನಿಷ್ಠ ಮೂರು ತಿಂಗಳ ಬಡ್ಡಿಯಷ್ಟನ್ನು ಎಂದೂ ಮುಟ್ಟಬಾರದೆಂಬ ನೇಮ ಇಟ್ಟುಕೊಂಡಿದ್ದೇನೆ.

ಹೊಸ ಓಡಿಗೆ ಮುನ್ನ ಹಳೆಯ ಬಾಕಿ

ಅಂಕ ಕುಸಿದಿರುವವರು ಓಡಿಯ ಯೋಚನೆ ಮಾಡುವ ಮೊದಲು ತಮ್ಮ ವರದಿಯನ್ನು ತರಿಸಿ ಓದಬೇಕು. ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕುಗಳು ನೋಡುವುದರಿಂದ, ಅದೂ ಹತ್ತಾರು ಕಡೆ ಒಟ್ಟಿಗೆ ಅರ್ಜಿ ಗುಜರಾಯಿಸಿದಾಗ ಹೆಚ್ಚು.

ವರದಿಯಲ್ಲಿ ನೋಡಬೇಕಾದ ಪದಗಳೆಂದರೆ ‘ಸೆಟಲ್ಡ್’ ಮತ್ತು ‘ರಿಟನ್ ಆಫ್’ (ಬಾರದ ಸಾಲವೆಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದುಹಾಕಿದ್ದು). ನಲವತ್ತು ಸಾವಿರದ ಬಾಕಿಗೆ ಹದಿನೆಂಟು ಸಾವಿರ ಕಟ್ಟಿ ರಾಜಿಯಾದವರು ಲಾಭವಾಯಿತೆಂದು ಸಂತೋಷಪಡುತ್ತಾರೆ, ವರದಿಯಲ್ಲಿ ಮಾತ್ರ ‘ಸೆಟಲ್ಡ್’ ಎಂಬ ಕಲೆ ಉಳಿಯುತ್ತದೆ. ಮುಂದೆ ಸಾಲ ಕೊಡುವವನು ಅದನ್ನು ಓದುವುದು ‘ಪೂರ್ತಿ ಕೊಡಲಿಲ್ಲ’ ಎಂದು. ಸಾಲದ ಚರಿತ್ರೆಯನ್ನು ಈ ಕಂಪನಿಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕಾಗಿರುವುದರಿಂದ ಅದು ತಾನಾಗಿಯೇ ಬೇಗ ಅಳಿಸಿಹೋಗುವುದಿಲ್ಲ. ಸಾಧ್ಯವಿದ್ದರೆ ಉಳಿದ ಹಣವನ್ನೂ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ಖಾತೆಯ ಸ್ಥಿತಿಯನ್ನು ‘ಕ್ಲೋಸ್ಡ್’ ಎಂದು ಬದಲಿಸುವಂತೆ ಬ್ಯಾಂಕಿಗೆ ಬರಹದಲ್ಲಿ ಕೇಳಬೇಕು. ಇಂಥದ್ದೊಂದು ಕಲೆ ವರದಿಯಲ್ಲಿ ಹಾಗೆಯೇ ಇರುವಾಗ ಎಷ್ಟೇ ಅಚ್ಚುಕಟ್ಟಾಗಿ ಹೊಸ ಓಡಿ ನಡೆಸಿದರೂ ತೂತು ಕೊಡಕ್ಕೆ ನೀರು ಹೊತ್ತಂತೆಯೇ ಆಗುತ್ತದೆ. ವರದಿಯಲ್ಲಿ ತಪ್ಪು ಮಾಹಿತಿಯಿದ್ದರೆ ಆ ಕಂಪನಿಯ ಜಾಲತಾಣದಲ್ಲೇ ದೂರು ಕೊಡಬಹುದು. ಮೂವತ್ತು ದಿನಗಳಲ್ಲಿ ಬಗೆಹರಿಯದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ವ್ಯವಸ್ಥೆ 2024ರ ಏಪ್ರಿಲ್‌ನಿಂದ ಬಂದಿದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಿ.

ಜಾಮೀನು ಹಾಕಿದ ಸಾಲ ಮತ್ತು ಜಂಟಿ ಖಾತೆಯ ಓಡಿಗಳೂ ನಿಮ್ಮ ವರದಿಯಲ್ಲಿ ಬರುತ್ತವೆ. ಭಾವಮೈದುನನ ಅಂಗಡಿಯ ಓಡಿಗೆ ದಾಕ್ಷಿಣ್ಯಕ್ಕೆ ಹಾಕಿದ ಸಹಿ ಎಷ್ಟೋ ಮನೆಗಳಲ್ಲಿ ಅಂಕ ಕುಸಿಯಲು ಮೂಲವಾಗಿರುತ್ತದೆ.

ಯಾವ ಓಡಿ ಪಡೆಯಬೇಕು

ಅಂಕ ಕಡಿಮೆಯಿರುವವರಿಗೆ ಆಧಾರವಿಲ್ಲದ ಓಡಿ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ದುಬಾರಿ. ಸಂಬಳದ ಖಾತೆಯ ಮೇಲಿನ ಓಡಿ ಕೆಲಸ ಬದಲಾದ ದಿನವೇ ಇಕ್ಕಟ್ಟಿಗೆ ಸಿಲುಕಿಸುತ್ತದೆ, ಏಕೆಂದರೆ ಆ ಖಾತೆಗೆ ಬರುತ್ತಿದ್ದ ಜಮೆಯೇ ನಿಂತುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥವರಿಗೆ ಒಪ್ಪುವುದು ನಿಶ್ಚಿತ ಠೇವಣಿಯ ಮೇಲಿನ ಓಡಿ. ಒಂದು ಲಕ್ಷ ರೂಪಾಯಿಯ ಎಫ್‌ಡಿ ಇಟ್ಟರೆ ಬ್ಯಾಂಕುಗಳು ಅದರ ಬಹುಪಾಲು ಮೊತ್ತದವರೆಗೆ ಮಿತಿ ಕೊಡುತ್ತವೆ, ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಶೇ 1ರಿಂದ 2ರಷ್ಟು ಹೆಚ್ಚಿರುತ್ತದೆ. ಠೇವಣಿಗೆ ಶೇ 7 ಬರುತ್ತಿದ್ದು ಓಡಿಗೆ ಶೇ 8 ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾವಿರ ತೆಗೆದು ಹದಿನೆಂಟು ದಿನಗಳ ಬಳಿಕ ಹಿಂದಿರುಗಿಸಿದರೆ ಬಡ್ಡಿ ಸುಮಾರು 79 ರೂಪಾಯಿ. ಅಷ್ಟು ಖರ್ಚಿನಲ್ಲಿ ವರದಿಯ ಒಂದು ಚೌಕದಲ್ಲಿ ಸೊನ್ನೆ ಬೀಳುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಐದು ನಿಮಿಷದಲ್ಲಿ ಸಿಗುವ ಸಣ್ಣ ಸಾಲಗಳಿಂದ ಅಂಕ ಏರಿಸಿಕೊಳ್ಳಲು ಹೊರಡುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಎಫ್‌ಡಿ ಇಡುವಷ್ಟು ಹಣವಿಲ್ಲದವರು ಜನಧನ ಖಾತೆಯ ಓಡಿಯನ್ನು ವಿಚಾರಿಸಬಹುದು. ಖಾತೆಯನ್ನು ಆರು ತಿಂಗಳು ಸರಿಯಾಗಿ ನಡೆಸಿದವರಿಗೆ ಸಿಗುವ ಈ ಸೌಲಭ್ಯದ ಮಿತಿಯನ್ನು 2018ರಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಲಾಯಿತು; 2,000 ರೂಪಾಯಿವರೆಗೆ ಷರತ್ತುಗಳಿಲ್ಲ. ಕುಟುಂಬದಲ್ಲಿ ಒಬ್ಬರಿಗೆ, ಅದರಲ್ಲೂ ಮಹಿಳೆಗೆ ಆದ್ಯತೆ, ಎಂಬುದು ಯೋಜನೆಯ ರೀತಿ.

ಅರ್ಜಿ ಕೊಡುವಾಗ ಶಾಖೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ‘ಈ ಓಡಿ ಯಾವ ಹೆಸರಿನಲ್ಲಿ, ಯಾವ ಪ್ಯಾನ್ ಸಂಖ್ಯೆಯ ಮೇಲೆ ಸಿಬಿಲ್‌ಗೆ ವರದಿಯಾಗುತ್ತದೆ?’ ಪ್ಯಾನ್ ಜೋಡಣೆಯಾಗಿರದಿದ್ದರೆ ಅಥವಾ ಹೆಸರಿನ ಇನಿಷಿಯಲ್ ಹೊಂದದಿದ್ದರೆ ನೀವು ಕಟ್ಟಿದ ಶಿಸ್ತೆಲ್ಲ ಯಾರದೋ ಲೆಕ್ಕಕ್ಕೆ ಹೋಗಬಹುದು, ಇಲ್ಲವೇ ಎಲ್ಲಿಗೂ ಹೋಗದಿರಬಹುದು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಸಾಮಾನ್ಯವಾದ್ದರಿಂದ ಇದು ಸಣ್ಣ ಮಾತಲ್ಲ. ಊರಿನ ಪತ್ತಿನ ಸೊಸೈಟಿಯಲ್ಲಿ ಸಾಲ ಮಾಡಿ ಪ್ರಾಮಾಣಿಕವಾಗಿ ತೀರಿಸಿದವರೂ ಇದೇ ಪ್ರಶ್ನೆ ಕೇಳಬೇಕು, ಏಕೆಂದರೆ ಎಲ್ಲ ಸೊಸೈಟಿಗಳೂ ಸಿಬಿಲ್‌ಗೆ ವರದಿ ಕಳುಹಿಸುವುದಿಲ್ಲ.

ತಿಂಗಳ ನಡಾವಳಿ

ಓಡಿ ಕೈಗೆ ಬಂದ ಮೇಲೆ ಅದನ್ನು ಕಾಯಂ ಸಾಲವಾಗಿ ಇಟ್ಟುಕೊಳ್ಳದೆ ತಿರುಗಿಸುತ್ತಿರಬೇಕು. ಮನೆಯಲ್ಲಿ ಪ್ರತಿ ತಿಂಗಳೂ ಇದ್ದೇ ಇರುವ ಒಂದು ಖರ್ಚನ್ನು, ಉದಾಹರಣೆಗೆ ದಿನಸಿ ಅಂಗಡಿಯ ಲೆಕ್ಕವನ್ನೋ ಮಕ್ಕಳ ಶಾಲಾ ವಾಹನದ ಬಾಡಿಗೆಯನ್ನೋ, ಓಡಿಯಿಂದ ಕೊಟ್ಟು, ಆದಾಯ ಬಂದೊಡನೆ ಅಷ್ಟನ್ನೂ ಅದರ ಬಡ್ಡಿಯನ್ನೂ ಸೇರಿಸಿ ಹಿಂದಕ್ಕೆ ಹಾಕುವುದು ಸರಳವಾದ ರೀತಿ. ಅದಕ್ಕಾಗಿಯೇ ಹೊಸ ಖರ್ಚು ಹುಟ್ಟಿಸಿಕೊಳ್ಳಬಾರದು. ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಳಸಬಾರದೆಂದು ಸಾಲದ ವ್ಯವಹಾರ ಬಲ್ಲವರು ಹೇಳುತ್ತಾರೆ. ಅದು ರಿಸರ್ವ್ ಬ್ಯಾಂಕಿನ ನಿಯಮವಲ್ಲ, ಅನುಭವದ ಮಾತು; ಆದರೂ ಪಾಲಿಸಲು ಯೋಗ್ಯವಾದದ್ದು. ಸದಾ ಮಿತಿಯ ಅಂಚಿಗೇ ತಾಗಿಕೊಂಡಿರುವ ಬಾಕಿ ಅಂಕವನ್ನು ಎಳೆಯುವುದಲ್ಲದೆ, ನಾಳೆ ಗೃಹಸಾಲದ ಅರ್ಜಿಯೊಂದಿಗೆ ಖಾತೆಯ ಸ್ಟೇಟ್‌ಮೆಂಟ್ ಕೊಟ್ಟಾಗ ‘ಇವರಿಗೆ ಸಂಬಳ ಸಾಲುತ್ತಿಲ್ಲ’ ಎಂಬ ತೀರ್ಮಾನಕ್ಕೆ ಅಧಿಕಾರಿಯನ್ನು ತಂದು ನಿಲ್ಲಿಸುತ್ತದೆ.

ತಾರೀಖಿನ ವಿಷಯದಲ್ಲೂ ಸ್ವಲ್ಪ ಜಾಣತನ ಬೇಕು. ಸಾಲದ ವಿವರವನ್ನು ಹದಿನೈದು ದಿನಕ್ಕೊಮ್ಮೆಯೋ ಅದಕ್ಕಿಂತ ಬೇಗನೆಯೋ ಕಳುಹಿಸಬೇಕೆಂಬ ನಿಯಮ 2025ರ ಜನವರಿಯಿಂದ ಜಾರಿಗೆ ಬಂದ ಮೇಲೆ, ತಿಂಗಳ ಕೊನೆಯ ದಿನದ ಬಾಕಿಗಷ್ಟೇ ಅಲ್ಲ, ನಡುವಿನ ದಿನಗಳ ಬಾಕಿಗೂ ಮಹತ್ವ ಬಂದಿದೆ. ಸಂಬಳ ಒಂದನೇ ತಾರೀಖಿಗೆ ಬರುವವರು ಒಂದನೆಯ ವಾರವೇ ಓಡಿಯನ್ನು ತುಂಬಿ, ಆಮೇಲೆ ತೆಗೆದರೂ ತಿಂಗಳ ಕೊನೆಯ ದಿನ ಬಾಕಿ ದೊಡ್ಡದಾಗಿ ಕಾಣದಷ್ಟನ್ನೇ ತೆಗೆಯುವುದು ಒಳ್ಳೆಯದು. ತಿಂಗಳ ಕೊನೆಗೆ ಬಡ್ಡಿ ಖರ್ಚು ಬೀಳುವುದರಿಂದ, ಆ ಹೊತ್ತಿಗೆ ಮೂರು-ನಾಲ್ಕು ನೂರು ರೂಪಾಯಿ ಉಳಿತಾಯ ಖಾತೆಯಿಂದ ತಾನಾಗಿ ಓಡಿಗೆ ಹೋಗುವಂತೆ ಸ್ಥಾಯಿ ಸೂಚನೆ ಕೊಟ್ಟಿಡುವುದು ಒಳ್ಳೆಯದು. ಓಡಿಯನ್ನು ಬಳಸದೇ ಇರುವ ತಿಂಗಳುಗಳಲ್ಲೂ ನವೀಕರಣ ಶುಲ್ಕ ಅಥವಾ ಜಿಎಸ್‌ಟಿ ಬಿದ್ದು ಹತ್ತಾರು ರೂಪಾಯಿ ಬಾಕಿ ನಿಂತಿರುತ್ತದೆ. ಅದರ ಕಡೆಗೂ ಕಣ್ಣಿರಲಿ.

ಬೇರೊಂದು ಸಾಲದ ಕಂತು ತಪ್ಪುವಂತಿದ್ದಾಗ ಓಡಿಯಿಂದ ಕಟ್ಟಿ ಪಾರಾಗುವುದು ಒಮ್ಮೆಗೆ ಸರಿಯೇ. ಕಂತು ತಪ್ಪಿದ ಗುರುತಿಗಿಂತ ಕೆಲವು ದಿನಗಳ ಓಡಿ ಬಡ್ಡಿ ಎಷ್ಟೋ ಅಗ್ಗ. ಆದರೆ ಮೂರು ತಿಂಗಳು ಸತತವಾಗಿ ಗೃಹಸಾಲದ ಕಂತು ಓಡಿಯಿಂದ ಹೋಗುತ್ತಿದೆ ಎಂದಾದರೆ ಅಲ್ಲಿ ಒಂದು ಸಾಲ ಇನ್ನೊಂದರ ಬೆನ್ನೇರಿ ಕೂತಿದೆ ಎಂದೇ ಅರ್ಥ. ಆಗ ಮಾಡಬೇಕಾದದ್ದು ಕಂತಿನ ಅವಧಿ ವಿಸ್ತರಣೆಗೆ ಬ್ಯಾಂಕಿನೊಡನೆ ಮಾತಾಡುವುದು, ಓಡಿಯ ಮಿತಿ ಏರಿಸಿಕೊಳ್ಳುವುದಲ್ಲ.

ಫಲ ಕಾಣಲು ತಿಂಗಳುಗಳೇ ಬೇಕು. ಹಳೆಯ ಸುಸ್ತಿಯ ಸಂಖ್ಯೆಗಳು ಚೌಕಗಳಲ್ಲಿ ಹಾಗೆಯೇ ಉಳಿದು, ಹೊಸ ಸೊನ್ನೆಗಳು ಒಂದೊಂದಾಗಿ ಅವುಗಳನ್ನು ಹಿಂದಕ್ಕೆ ತಳ್ಳಬೇಕು. ಹದಿನೈದು ದಿನದಲ್ಲಿ ಸಿಬಿಲ್ ‘ಕ್ಲಿಯರ್’ ಮಾಡಿಸಿಕೊಡುತ್ತೇವೆಂದು ಹಣ ಕೇಳುವವರ ಬಳಿ ನೀವು ಉಚಿತವಾಗಿ ಕೊಡಬಹುದಾದ ದೂರಿನ ಅರ್ಜಿಯ ಹೊರತು ಬೇರೆ ಯಾವ ಮಂತ್ರವೂ ಇಲ್ಲ. ಕೊಬ್ಬರಿ ವ್ಯಾಪಾರಿಯೂ ಸುಸ್ತಿಯನ್ನೆಲ್ಲ ತೀರಿಸಿ, ಈಗ ಪ್ರತಿ ತಿಂಗಳ ಹರಾಜಿನ ಮರುದಿನ ಒಂದಿಷ್ಟನ್ನು ಖಾತೆಗೆ ಹಾಕುತ್ತಾರೆ. ಹಾಕಿದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋಗುವುದನ್ನೂ ರೂಢಿ ಮಾಡಿಕೊಂಡಿದ್ದಾರೆ.

ಅಂಕ ಸುಧಾರಿಸಿದ ಮೇಲೆ ಓಡಿ ಬೇಡವೆನಿಸಿದರೆ, ಬಾಕಿಯನ್ನು ಸೊನ್ನೆ ಮಾಡಿ ಹಣ ತೆಗೆಯುವುದನ್ನು ನಿಲ್ಲಿಸಿದರಷ್ಟೇ ಸಾಲದು. ಖಾತೆ ಮುಚ್ಚುವಂತೆ ಲಿಖಿತ ಅರ್ಜಿ ಕೊಟ್ಟು, ಆ ದಿನದವರೆಗಿನ ಬಡ್ಡಿ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ಎಫ್‌ಡಿಯ ಮೇಲಿನ ಬ್ಯಾಂಕಿನ ಹಕ್ಕು ತೆರವಾಗಿದೆಯೇ ಎಂದು ಠೇವಣಿ ರಶೀದಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಒಂದೆರಡು ತಿಂಗಳ ನಂತರ ಮತ್ತೊಮ್ಮೆ ವರದಿ ತೆಗೆದು ನೋಡಿ; ಓಡಿಯ ಎದುರು ಮುಚ್ಚಿದ ದಿನಾಂಕ ಬಂದಿರಬೇಕು, ಬಾಕಿಯ ಜಾಗದಲ್ಲಿ ಸೊನ್ನೆ ಇರಬೇಕು.